ಖತ್ನಾಕ್ಕೆ ಮೊದಲು ಒಂದು ರಕ್ತಪರೀಕ್ಷೆ

ಕಿನ್ನಾಳ ಎಂದರೆ ಹೊರಗಿನವರಿಗೆ ಬಣ್ಣದ ಗೊಂಬೆಗಳ ಊರು. ನನಗೆ ಮಾತ್ರ ಈ ಊರಿನ ಒಬ್ಬ ಹುಡುಗನ ಮೊಣಕಾಲು ನೆನಪಾಗುತ್ತದೆ. ಮಕ್ತಬ್‌ಗೆ ಕುರ್‌ಆನ್ ಕಲಿಯಲು ಬರುತ್ತಿದ್ದ ಅವನು ಆಗಾಗ ಕುಂಟುತ್ತಿದ್ದ. ನಮಾಝ್ ಕಲಿಸುವಾಗ ಕಾಲು ಮಡಚಿ ಕೂರುತ್ತಿರಲಿಲ್ಲ. “ನಾಟಕ ಸಾಕು” ಎಂದು ನಾನು ಗದರಿದ್ದೆ. ಮನೆಯವರು ಉಳುಕಿರಬೇಕೆಂದು ಎಣ್ಣೆ ಹಚ್ಚಿ ತಿಕ್ಕಿಸಿದ್ದರು. ಕಾಲು ಇನ್ನಷ್ಟು ಊದಿತ್ತು.

ಒಂದು ದಿನ ತಾಯಿ ಬಂದು ಕುಳಿತರು. “ಆಪಾ, ಇವನಿಗೆ ಸುನ್ನತ್ ಮಾಡಿಸಿದಾಗ ಎರಡು ದಿನ ರಕ್ತ ನಿಂತಿರಲಿಲ್ರಿ. ನಮ್ಮಣ್ಣ ಸಣ್ಣವನಿದ್ದಾಗ ಹಲ್ಲು ಕೀಳಿಸಿದ್ದಕ್ಕೇ ರಕ್ತ ಹೋಗಿ ತೀರಿಕೊಂಡ” ಎಂದರು. ಪರೀಕ್ಷೆ ಮಾಡಿಸಿದಾಗ ತಿಳಿದದ್ದು ಹಿಮೋಫೀಲಿಯಾ. ನಾನು ಆ ಹುಡುಗನ ಕ್ಷಮೆ ಕೇಳಿದೆ. ಈ ಲೇಖನ ಬರೆಯಲು ಅದೇ ಕಾರಣ.

ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನಮ್ಮ ರಕ್ತದಲ್ಲಿ ಹಲವು ಪ್ರೋಟೀನುಗಳು ಒಂದರ ಹಿಂದೆ ಒಂದು ಕೆಲಸ ಮಾಡುತ್ತವೆ. ಇವುಗಳಿಗೆ ಫ್ಯಾಕ್ಟರ್ ಎಂದು ಹೆಸರು. 8ನೇ ಫ್ಯಾಕ್ಟರ್ ಕೊರತೆಯಾದರೆ ಹಿಮೋಫೀಲಿಯಾ ‘ಎ’, 9ನೆಯದು ಕೊರತೆಯಾದರೆ ‘ಬಿ’. ‘ಎ’ ವಿಧ ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ‘ಬಿ’ ಇನ್ನೂ ಅಪರೂಪ. ಫ್ಯಾಕ್ಟರ್ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ಸ್ವರೂಪದ್ದು. ಅಂಥ ಮಗುವಿಗೆ ಪೆಟ್ಟೇ ಬೀಳದಿದ್ದರೂ ಮೊಣಕಾಲು, ಮೊಣಕೈ, ಹರಡಿನ ಕೀಲಿನೊಳಗೆ ರಕ್ತ ಸೋರುತ್ತದೆ. ಹೊರಗೆ ಒಂದು ಹನಿಯೂ ಕಾಣದು, ಊತ ಮತ್ತು ನೋವು ಮಾತ್ರ. ಹೀಗೆ ಮತ್ತೆ ಮತ್ತೆ ಆದರೆ ಕೀಲು ಸವೆದು ಮಗು ಶಾಶ್ವತವಾಗಿ ಕುಂಟಾಗುತ್ತದೆ. ತಿಕ್ಕುವುದು, ಕಾಲು ಎಳೆದು ನೆಟ್ಟಗೆ ಮಾಡುವುದು ಬೆಂಕಿಗೆ ಎಣ್ಣೆ ಸುರಿದಂತೆ.

ಇದು ಇಂದು ನಿನ್ನೆಯ ರೋಗವಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಅಂದಲೂಸ್‌ನ ಕುರ್ತುಬಾದಲ್ಲಿದ್ದ ಪ್ರಸಿದ್ಧ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ ‘ಕಿತಾಬ್ ಅತ್ತಸ್ರೀಫ್’ ಗ್ರಂಥದಲ್ಲಿ ಒಂದು ಹಳ್ಳಿಯ ಬಗ್ಗೆ ಬರೆದಿದ್ದಾರೆ. ಅಲ್ಲಿಯ ಗಂಡಸರು ಗಾಯವಾದರೆ ರಕ್ತ ನಿಲ್ಲದೆ ಸಾಯುತ್ತಿದ್ದರಂತೆ. ವೈದ್ಯಶಾಸ್ತ್ರದ ಇತಿಹಾಸಕಾರರು ಇದನ್ನು ಹಿಮೋಫೀಲಿಯಾದ ಅತ್ಯಂತ ಹಳೆಯ ವೈದ್ಯಕೀಯ ವಿವರಣೆಗಳಲ್ಲೊಂದು ಎಂದು ಎಣಿಸುತ್ತಾರೆ. ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮನೆತನದ ಕಥೆ ಎಲ್ಲರೂ ಹೇಳುತ್ತಾರೆ, ನಮ್ಮ ಹಕೀಮರ ಹೆಸರು ನಮಗೇ ಗೊತ್ತಿಲ್ಲ.

ಅಝ್ಝಹ್ರಾವಿ ಗಂಡಸರ ಬಗ್ಗೆಯೇ ಬರೆದದ್ದೇಕೆ? ಈ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್ ಇವೆ, ಒಂದರಲ್ಲಿ ದೋಷವಿದ್ದರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತದೆ. ಗಂಡಿಗೆ ಇರುವುದೇ ಒಂದು. ತಾಯಿ ದೋಷದ ವಾಹಕಳಾಗಿದ್ದರೆ ಪ್ರತಿ ಗಂಡು ಮಗುವಿಗೂ ರೋಗ ಬರುವ ಸಂಭವ ಅರ್ಧಕ್ಕರ್ಧ, ಪ್ರತಿ ಹೆಣ್ಣು ಮಗು ವಾಹಕಳಾಗುವ ಸಂಭವವೂ ಅಷ್ಟೇ. ತಂದೆಗೆ ರೋಗವಿದ್ದು ತಾಯಿ ವಾಹಕಳಲ್ಲದಿದ್ದರೆ ಗಂಡು ಮಕ್ಕಳಿಗೆ ಬರುವುದಿಲ್ಲ, ಹೆಣ್ಣು ಮಕ್ಕಳೆಲ್ಲರೂ ವಾಹಕರಾಗುತ್ತಾರೆ. ಆದ್ದರಿಂದಲೇ ಸೋದರಮಾವನಿಗೆ, ಖಾಲಾಳ ಮಗನಿಗೆ ರಕ್ತ ನಿಲ್ಲದ ತೊಂದರೆ ಇತ್ತೇ ಎಂದು ವೈದ್ಯರು ಕೇಳುವುದು.

ಇಷ್ಟು ಹೇಳಿದ ಕೂಡಲೇ ಅತ್ತೆಯ ಮನೆಯಲ್ಲಿ “ನಿನ್ನ ತವರಿನ ರೋಗ” ಎಂಬ ಮಾತು ಹುಟ್ಟುತ್ತದೆ. ಸಹೋದರಿಯರೇ, ಸುಮಾರು ಮೂರನೇ ಒಂದು ಭಾಗ ರೋಗಿಗಳ ವಂಶದಲ್ಲಿ ಈ ರೋಗದ ಸುಳಿವೇ ಇರುವುದಿಲ್ಲ, ದೋಷ ಹೊಸದಾಗಿ ಉಂಟಾಗಿರುತ್ತದೆ. ಯಾವ ತಾಯಿಯೂ ತನ್ನ ವರ್ಣತಂತುಗಳನ್ನು ಆರಿಸಿ ಕೊಡುವುದಿಲ್ಲ. ಇನ್ನು ಸಂಬಂಧದಲ್ಲಿ ಮದುವೆಯಾದದ್ದೇ ಕಾರಣ ಎಂಬುದೂ ಇಲ್ಲಿ ತಪ್ಪು. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ರಕ್ತಸ್ರಾವದ ರೋಗಗಳ ಸಂಭವ ಹೆಚ್ಚುತ್ತದೆ ನಿಜ, ಆದರೆ ಹಿಮೋಫೀಲಿಯಾ ಬರಲು ಅದು ಬೇಕಿಲ್ಲ. ವಾಹಕ ಸ್ತ್ರೀಯರಲ್ಲೂ ಕೆಲವರಿಗೆ ಫ್ಯಾಕ್ಟರ್ ಕಡಿಮೆ ಇದ್ದು, ಮುಟ್ಟಿನಲ್ಲಿ ಅಥವಾ ಹೆರಿಗೆಯ ನಂತರ ಅತಿಯಾದ ರಕ್ತಸ್ರಾವವಾಗಬಹುದು. ಅದನ್ನು ಅವರು ‘ನಮ್ಮ ಹಣೆಬರಹ’ ಎಂದು ಸಹಿಸಿಕೊಂಡಿರುತ್ತಾರೆ. ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ನಮ್ಮ ಮನೆಗಳಲ್ಲಿ ರೋಗ ಮೊದಲು ಬಯಲಾಗುವುದು ಹೆಚ್ಚಾಗಿ ಖತ್ನಾದ ದಿನ. ಅಂಬೆಗಾಲಿಡುವಾಗ ಮೈಮೇಲೆ ದೊಡ್ಡ ನೀಲಿ ಕಲೆಗಳು, ಲಸಿಕೆ ಹಾಕಿದ ತೊಡೆಯಲ್ಲಿ ಗಡ್ಡೆಯಂತಹ ಊತ, ತುಟಿ ಹರಿದರೆ ಗಂಟೆಗಟ್ಟಲೆ ರಕ್ತ - ಇವುಗಳಲ್ಲಿ ಒಂದು ಕಂಡರೂ, ತಾಯಿಯ ಕಡೆ ಇಂತಹ ಸಾವು ನಡೆದಿದ್ದರೂ, ಖತ್ನಾ ಮುಂದೂಡಿ ಮೊದಲು ರಕ್ತಪರೀಕ್ಷೆ ಮಾಡಿಸಿ. ಎಪಿಟಿಟಿ ಎಂಬ ಪರೀಕ್ಷೆಯಿಂದ ಸುಳಿವು ಸಿಗುತ್ತದೆ, ಫ್ಯಾಕ್ಟರ್ ಅಳತೆಯಿಂದ ಖಚಿತವಾಗುತ್ತದೆ. ಮುಂದೂಡಿದರೆ ಗುನಾಹ್ ಆಗುತ್ತದೆಯೇ ಎಂದು ಆ ತಾಯಿ ನನ್ನನ್ನು ಕೇಳಿದ್ದರು. ಖತ್ನಾವನ್ನು ಸುನ್ನತ್ ಎನ್ನುವವರೂ, ವಾಜಿಬ್ ಎನ್ನುವವರೂ ಜೀವಕ್ಕೆ ಅಪಾಯವಿದ್ದಾಗ ವಿನಾಯಿತಿ ಇದೆ ಎಂದೇ ಬರೆದಿದ್ದಾರೆ. ಅಲ್ಲದೆ, ಫ್ಯಾಕ್ಟರ್ ಚುಚ್ಚುಮದ್ದಿನ ರಕ್ಷಣೆಯಲ್ಲಿ, ರಕ್ತರೋಗ ತಜ್ಞರ ಸಲಹೆಯಂತೆ, ಆಸ್ಪತ್ರೆಯಲ್ಲಿ ಖತ್ನಾ ಮಾಡಿಸಬಹುದು. ಮನೆಯಲ್ಲಿ ಬೇಡ. ಹಿಜಾಮಾ ಕೂಡ ಈ ಮಕ್ಕಳಿಗೆ ಬೇಡವೇ ಬೇಡ. ಜ್ವರಕ್ಕೆ, ನೋವಿಗೆ ಆಸ್ಪಿರಿನ್ ಕೊಡಬಾರದು, ಸ್ನಾಯುವಿಗೆ ಸೂಜಿ ಚುಚ್ಚಿಸಬಾರದು. ಕೀಲು ಊದಿದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಕಾಲು ಎತ್ತರಿಸಿ ಮಲಗಿಸಿ, ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ತಲೆಗೆ ಪೆಟ್ಟು ಬಿದ್ದರಂತೂ ಊತಕ್ಕಾಗಿ ಕಾಯಲೇಬಾರದು.

ರೋಗ ಪೂರ್ತಿ ಹೋಗುವುದಿಲ್ಲ, ಆದರೆ ಚಿಕಿತ್ಸೆ ಇದೆ. ಕೊರತೆಯ ಫ್ಯಾಕ್ಟರನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ‘ಎ’ ವಿಧಕ್ಕೆ ಚರ್ಮದಡಿ ಕೊಡುವ ಎಮಿಸಿಜುಮಾಬ್ ಎಂಬ ಔಷಧವೂ ಬಂದಿದೆ. ಫ್ಯಾಕ್ಟರ್ ದುಬಾರಿ, ಆದರೂ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ದಾಸ್ತಾನು ಇದೆಯೇ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫೀಲಿಯಾ ಸೇರಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫೀಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ರೋಗದೊಂದಿಗೆ ಬದುಕಿ ವೈದ್ಯರಾದವರು. ಇದನ್ನು ಹೇಳಿದಾಗ ಆ ತಾಯಿ, “ರೋಗ ಇದ್ದವರೇ ಡಾಕ್ಟ್ರೇನ್ರಿ?” ಎಂದು ಎರಡು ಸಲ ಕೇಳಿದರು.

ಹುಡುಗ ಈಗ ಕಾಲು ನೋಯುವ ದಿನ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುತ್ತಾನೆ. ಅವನ ಖಾಲಾಗೆ ಮೊನ್ನೆ ಗಂಡು ಮಗುವಾಯಿತು. ಖತ್ನಾಕ್ಕೆ ದಿನ ಗೊತ್ತುಮಾಡಿ, ದಾವತ್‌ಗೆ ಹೇಳಿಯೂ ಆಗಿತ್ತು. ರಕ್ತಪರೀಕ್ಷೆಯ ವರದಿ ಬರುವವರೆಗೆ ನಿಲ್ಲಿಸಿದ್ದಾರೆ.