ಶೇ 10 ರಿಯಾಯಿತಿಯ ನಿಜವಾದ ಬೆಲೆ: ಕಡಿಮೆ ಖರ್ಚಿನ ಪ್ರಚಾರ ಗಣಿತ ತರಗತಿಗೆ ಬಂದಾಗ

ಹಿನ್ನೆಲೆ

ನಿಪ್ಪಾಣಿ ಎಂದರೆ ತಂಬಾಕು ಮತ್ತು ಬೀಡಿ. ಬೀಡಿ ಕಟ್ಟುವವರಿಗೆ ಕೂಲಿ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ. ಕೆಲಸ ಕಡಿಮೆಯಾದರೆ ಆ ವಾರದ ಸಂತೆಯ ಚೀಲವೂ ಹಗುರ. ಅಂಥ ದಿನಗಳಲ್ಲಿ ಶೇಂಗಾ ಚಟ್ನಿ, ಹಪ್ಪಳ, ಶಾವಿಗೆ ಮಾಡಿ ಮಾರುವ ಮನೆಗಳು ನಮ್ಮ ಓಣಿಯಲ್ಲೇ ಇವೆ. ಮಾಲು ಚೆನ್ನಾಗಿದ್ದರೂ ಅದನ್ನು ಜನರಿಗೆ ತಿಳಿಸಲು ಅವರ ಬಳಿ ಹಣವಿರುವುದಿಲ್ಲ. 8ನೇ ತರಗತಿಗೆ ಶೇಕಡಾವಾರು ಮತ್ತು ಲಾಭ-ನಷ್ಟ ಬೋಧಿಸುವ ಅಭ್ಯಾಸ ಪಾಠಕ್ಕೆ ನಾನು ಇದೇ ಸಮಸ್ಯೆಯನ್ನು ಆರಿಸಿಕೊಂಡೆ.

ತರಗತಿಯಲ್ಲಿ ನಡೆದದ್ದು

ಮೊದಲ ಪ್ರಶ್ನೆ ಸರಳವಾಗಿತ್ತು: ‘ಚಟ್ನಿ ಪೊಟ್ಟಣದ ಬೆಲೆ 100 ರೂಪಾಯಿ, ಮಾಡಲು ತಗಲುವ ಖರ್ಚು 80 ರೂಪಾಯಿ. ಶೇ 10 ರಿಯಾಯಿತಿ ಕೊಟ್ಟರೆ ಲಾಭ ಎಷ್ಟು ಕಡಿಮೆಯಾಗುತ್ತದೆ?’ ಬಹುತೇಕ ಮಕ್ಕಳು ‘ಶೇ 10’ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು, ‘ಟೀಚರ್, ನಮ್ಮವ್ವ ದೀಪಾವಳಿಗೆ ಹಿಂಗ ಮಾಡಿದ್ಲು. ಮಾಲೆಲ್ಲಾ ಹೋತು, ಗಲ್ಲಾದಾಗ ರೊಕ್ಕ ಉಳಿಲಿಲ್ಲ’ ಎಂದಳು.

ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸಿದೆವು. ರಿಯಾಯಿತಿ ಇಲ್ಲದಾಗ ಲಾಭ 20 ರೂಪಾಯಿ. ಶೇ 10 ರಿಯಾಯಿತಿ ಕೊಟ್ಟರೆ ಮಾರುವ ಬೆಲೆ 90, ಲಾಭ 10. ಅಂದರೆ ಬೆಲೆ ಶೇ 10 ಇಳಿದರೆ ಲಾಭ ಶೇ 50 ಇಳಿಯಿತು. ಮೊದಲಿನಷ್ಟೇ ಗಳಿಸಲು ಎರಡು ಪಟ್ಟು ಪೊಟ್ಟಣ ಮಾರಬೇಕು. ಶೇ 15 ರಿಯಾಯಿತಿಗೆ ನಾಲ್ಕು ಪಟ್ಟು ಮಾರಬೇಕು. ಶೇ 20ಕ್ಕೆ ಲಾಭವೇ ಇಲ್ಲ. ರಿಯಾಯಿತಿಗೆ ಕೈಯಿಂದ ಹಣ ಕೊಡಬೇಕಿಲ್ಲವಾದ್ದರಿಂದ ಅದು ಪುಕ್ಕಟೆ ಪ್ರಚಾರದಂತೆ ಕಾಣುತ್ತದೆ. ಆದರೆ ಸಣ್ಣ ವ್ಯಾಪಾರಕ್ಕೆ ಅದೇ ಎಲ್ಲಕ್ಕಿಂತ ದುಬಾರಿಯಾಗಬಹುದು.

ಬೇರೆ ದಾರಿಗಳು

ಮುಂದಿನ ಪಾಠದಲ್ಲಿ ಮಕ್ಕಳು ಗುಂಪುಗಳಲ್ಲಿ ಕಡಿಮೆ ಖರ್ಚಿನ ಮಾರ್ಗಗಳನ್ನು ಪಟ್ಟಿ ಮಾಡಿದರು.

1. ಬಾಗಿಲಿನ ಮುಂದೆ ಕರಿ ಹಲಗೆ: ಇಂದು ಏನು ಸಿಗುತ್ತದೆ, ಬೆಲೆ ಎಷ್ಟು ಎಂದು ದಿನವೂ ಬರೆಯುವುದು.

2. ರುಚಿ ನೋಡಲು ಒಂದು ಚಮಚ ಚಟ್ನಿ: ಇದರ ಖರ್ಚು ಒಮ್ಮೆ ಮಾತ್ರ. ಬೆಲೆ ಇಳಿಸಿದರೆ ಪ್ರತಿ ಪೊಟ್ಟಣದಲ್ಲೂ ಕಳೆದುಕೊಳ್ಳುತ್ತೇವೆ.

3. ವಾಟ್ಸಾಪ್ ಬಿಸಿನೆಸ್: ಇದರಲ್ಲಿ ಮಾಲಿನ ಚಿತ್ರ ಮತ್ತು ಬೆಲೆಯ ಪಟ್ಟಿಯನ್ನು ಉಚಿತವಾಗಿ ಇಡಬಹುದು. ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಸಂಖ್ಯೆ ಬರೆದು, ಉಳಿಸಿಕೊಳ್ಳಲು ಕೇಳಬೇಕು.

4. ನಾಮಫಲಕ: 2024ರ ಕಾಯ್ದೆ ತಿದ್ದುಪಡಿಯ ಪ್ರಕಾರ ಅಂಗಡಿಗಳ ಫಲಕದಲ್ಲಿ ಶೇ 60 ಕನ್ನಡವಿರಬೇಕು. 5 ಅಡಿ ಉದ್ದ, 3 ಅಡಿ ಅಗಲದ ಫಲಕದ ವಿಸ್ತೀರ್ಣ 15 ಚದರ ಅಡಿ. ಕನ್ನಡಕ್ಕೆ 9 ಚದರ ಅಡಿ ಎಂದು ಮಕ್ಕಳು ಲೆಕ್ಕ ಹಾಕಿದರು. ‘ಉಳಿದ 6ರಲ್ಲಿ ಮರಾಠಿ ಬರಿಬಹುದು, ಕೊಲ್ಲಾಪುರದ ಕಡಿಂದ ಬರೋರಿಗೆ ತಿಳಿತೈತಿ’ ಎಂದು ಒಬ್ಬ ಸೇರಿಸಿದ.

ಯಾವುದು ಫಲಿಸಿತು ಎಂದು ತಿಳಿಯುವುದು ಹೇಗೆ?

ಹೊಸ ಗಿರಾಕಿ ಬಂದಾಗ ‘ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ ವಹಿಯಲ್ಲಿ ಗೆರೆ ಎಳೆಯಬೇಕು. ತಿಂಗಳ ಕೊನೆಗೆ ಖರ್ಚನ್ನು ಗಿರಾಕಿಗಳ ಸಂಖ್ಯೆಯಿಂದ ಭಾಗಿಸಬೇಕು. ತರಗತಿಗೆ ಕಲ್ಪಿತ ಅಂಕಿಗಳನ್ನು ಕೊಟ್ಟೆ: ಕರಪತ್ರಕ್ಕೆ 300 ರೂಪಾಯಿ ಖರ್ಚು, ಬಂದವರು 6 ಜನ, ತಲಾ 50 ರೂಪಾಯಿ, ಕರಿ ಹಲಗೆಗೆ 150 ರೂಪಾಯಿ, ಬಂದವರು 10 ಜನ, ತಲಾ 15 ರೂಪಾಯಿ. ಸರಾಸರಿ, ಅನುಪಾತ, ಗೆರೆ ಗುರುತಿನ ಕೋಷ್ಟಕ ಮೂರೂ ಒಂದೇ ಚಟುವಟಿಕೆಯಲ್ಲಿ ಬಂದವು.

ಕೊನೆಗೆ ಲಿಜ್ಜತ್ ಹಪ್ಪಳದ ಉದಾಹರಣೆ ಹೇಳಿದೆ. 1959ರಲ್ಲಿ ಮುಂಬಯಿಯ ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು ಅದನ್ನು ಆರಂಭಿಸಿದರು. ಮೊದಲ ದಿನ ಮಾಡಿದ್ದು ನಾಲ್ಕು ಪೊಟ್ಟಣ. ಕೊಂಡವರು ಮತ್ತೆ ಬಂದರೆ ಮಾತ್ರ ಅಂಥ ವ್ಯಾಪಾರ ಬೆಳೆಯುತ್ತದೆ. ಮಾಲು ಕೆಟ್ಟದ್ದಾದರೆ ಯಾವ ಪ್ರಚಾರವೂ ಉಳಿಸದು.

ನಾನು ಕಲಿತದ್ದು

ಆ ಹುಡುಗಿ ಮಾತಾಡಿದ ಕೂಡಲೇ ನಾನು ಉತ್ಸಾಹದಿಂದ ‘ಎಷ್ಟು ನಷ್ಟವಾಯಿತು?’ ಎಂದು ಎಲ್ಲರೆದುರು ಕೇಳಿಬಿಟ್ಟೆ. ಅವಳು ತಲೆ ತಗ್ಗಿಸಿದಳು. ಪಾಠದ ನಂತರ ಮಾರ್ಗದರ್ಶಕ ಶಿಕ್ಷಕಿ, ‘ಮನೆಯ ಲೆಕ್ಕ ಮಗು ತಾನಾಗಿ ಕೊಟ್ಟಷ್ಟೇ ತಗೋಬೇಕು’ ಎಂದರು. ಮರುದಿನದಿಂದ ಕಲ್ಪಿತ ಅಂಗಡಿಯ ಅಂಕಿಗಳನ್ನೇ ಬಳಸಿದೆ. ವಾರದ ನಂತರ ಅವಳು ತಾನೇ ಒಂದು ವಹಿ ತಂದು ತೋರಿಸಿದಳು. ಮೊದಲ ಪುಟದಲ್ಲಿ ಅವಳ ಅಕ್ಷರದಲ್ಲಿ ಎರಡು ಸಾಲುಗಳಿದ್ದವು: ‘ಹಲಗೆ’, ‘ಫೋನ್’. ಹಲಗೆಯ ಮುಂದೆ ಮೂರು ಗೆರೆ, ಫೋನಿನ ಮುಂದೆ ಒಂದು.

ಲಾಭ-ನಷ್ಟದ ಪಾಠ ಮಾಡಲಿರುವ ಸಹಪಾಠಿಗಳು ಈ ಚಟುವಟಿಕೆಯನ್ನು ತಮ್ಮ ಊರಿನ ಮಾಲಿಗೆ ಹೊಂದಿಸಿಕೊಂಡು ಮಾಡಬಹುದು. ಅಂಗಡಿ ಮಾತ್ರ ಕಲ್ಪಿತವಾಗಿರಲಿ.