ಚಳಿಗಾಲದ ಬೆಳಗೂ ಮೋಟಾರು ಸೈಕಲ್ಲೂ

ಧನುರ್ಮಾಸವು ಬಂದಿತೆಂದರೆ ನಮ್ಮ ಹಾಸನದ ಸೀಮೆಯಲ್ಲಿ ಅರುಣೋದಯಕ್ಕೆ ಮುಂಚೆಯೇ ಎರಡು ಸದ್ದುಗಳು ಕೇಳಿಬರುತ್ತವೆ. ಒಂದು ದೇವಾಲಯದ ಘಂಟೆಯದು. ಇನ್ನೊಂದು, ಹೊರಡಲೊಲ್ಲದ ಮೋಟಾರು ಸೈಕಲ್ಲನ್ನು ಒದೆಯುವವರದು. ಡೈರಿಗೆ ಹಾಲು ಒಯ್ಯುವವರೂ, ಹೊಳೆನರಸೀಪುರದಲ್ಲಿಯೋ ಚನ್ನರಾಯಪಟ್ಟಣದಲ್ಲಿಯೋ ರೈಲು ಹಿಡಿಯತಕ್ಕವರೂ ಈ ವಾಹನವನ್ನೇ ನೆಚ್ಚಿಕೊಂಡಿರುವುದರಿಂದ, ಇದರ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ನಾವು ಈ ಪಾಠವನ್ನು ಕಲಿತದ್ದು ಅರಕಲಗೂಡಿನಲ್ಲಿ, ನಮ್ಮ ತಂಗಿಯ ಮನೆಯಲ್ಲಿ. ಆಕೆಯ ಮಗಳು ಉದ್ಯೋಗಕ್ಕಾಗಿ ಹಾಸನದಲ್ಲಿ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗಿತ್ತು. ಅರಕಲಗೂಡಿಗೆ ರೈಲಿಲ್ಲ; ಸುಮಾರು 30 ಕಿಲೋಮೀಟರು ದಾರಿ. ಅಣ್ಣನ ಹಳೆಯ ಮೋಟಾರು ಸೈಕಲ್ಲನ್ನು ನಂಬಿ ಬೆಳಗಿನ ಬಸ್ಸನ್ನು ಬಿಟ್ಟುಕೊಟ್ಟೆವು. ಮಂಜು ಸುರಿಯುತ್ತಿತ್ತು. ಹುಡುಗನು ಮುಕ್ಕಾಲು ಗಂಟೆಯ ಕಾಲ ಒದ್ದನು, ಗಾಡಿ ಉಸಿರೆತ್ತಲಿಲ್ಲ. “ಇನ್ನೂ ಜೋರಾಗಿ ಒದೆಯಪ್ಪಾ” ಎಂದು ಪಕ್ಕದಲ್ಲಿ ನಿಂತು ಹೇಳುತ್ತಿದ್ದವರು ನಾವೇ.

ಕಡೆಗೆ ಬೀದಿಯ ಕೊನೆಯ ಮೆಕ್ಯಾನಿಕ್ಕನು ಬಂದನು. ಅವನು ಗಾಡಿಯನ್ನು ಮುಟ್ಟುವುದಕ್ಕೆ ಮೊದಲು ಬಗ್ಗಿ ಮೂಸಿ ನೋಡಿದನು. “ಪೆಟ್ರೋಲು ಕುಡಿದು ಇದರ ಹೊಟ್ಟೆ ತುಂಬಿಹೋಗಿದೆ ಮೇಷ್ಟ್ರೇ. ಒದ್ದಷ್ಟೂ ಇನ್ನೂ ಕುಡೀತದೆ” ಎಂದನು. ಪ್ಲಗ್ಗನ್ನು ಬಿಚ್ಚಿ ಒರೆಸಿ, ಪುನಃ ಹಾಕಿ ಒದ್ದನು, ಗಾಡಿ ಹೊರಟಿತು. ಎಲ್ಲ ಸೇರಿ ಹತ್ತು ನಿಮಿಷವೂ ಆಗಲಿಲ್ಲ. ಆದರೆ ಮಕ್ಕಳು ಹಾಸನವನ್ನು ಮುಟ್ಟುವಷ್ಟರಲ್ಲಿ ಪರೀಕ್ಷಾಮಂದಿರದ ಬಾಗಿಲು ಮುಚ್ಚಿತ್ತು.

ಇದಕ್ಕೆ ಚಳಿಯು ಹೇಗೆ ಕಾರಣವಾಯಿತು? ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಕಿಡಿಗೆ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಆವಿ ಕಡಿಮೆ. ಅದಲ್ಲದೆ ಎಂಜಿನ್ನಿನ ಎಣ್ಣೆಯು ಮಂದವಾಗುತ್ತದೆ, ಬ್ಯಾಟರಿಯ ಬಲವೂ ಕುಗ್ಗುತ್ತದೆ. ಹಾಗಾದರೂ ಹಾಸನವು 900 ಮೀಟರಿಗೂ ಮಿಗಿಲಾದ ಎತ್ತರದಲ್ಲಿದ್ದರೂ ಇಲ್ಲಿಯ ಚಳಿ ಹಿಮಾಲಯದ ಚಳಿಯಲ್ಲ. ನೆಟ್ಟಗಿರುವ ಗಾಡಿಯು ಇಷ್ಟಕ್ಕೆ ಹಟ ಹಿಡಿಯದು. ಚಳಿಯು ದೋಷವನ್ನು ಹುಟ್ಟಿಸುವುದಿಲ್ಲ. ಅಡಗಿದ್ದ ದೋಷವನ್ನು ಹೊರಗೆಡಹುತ್ತದೆ.

ಆದುದರಿಂದ ಗೃಹಸ್ಥರು ಒದೆಯುವುದಕ್ಕೆ ಮೊದಲು ಕ್ರಮವಾಗಿ ವಿಚಾರಿಸತಕ್ಕದ್ದು. ಕೆಂಪು ಸ್ವಿಚ್ಚು ಆಫ್ ಆಗಿಲ್ಲವಷ್ಟೆ? ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೆ, ಅದರ ಕೀಲಿ ತಿರುಗಿಸಿದೆಯೆ? ಕಾರ್ಬೋರೇಟರಿನ ಗಾಡಿಯಾದರೆ ಚೋಕನ್ನು ಹಾಕಿ, ಎಕ್ಸಲೇಟರನ್ನು ತಿರುಚದೆ ಒದೆಯಬೇಕು. ಚೋಕು ಗಾಳಿಯನ್ನು ತಗ್ಗಿಸಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಐದಾರು ಒದೆತಕ್ಕೂ ಹೊರಡದೆ ಪೆಟ್ರೋಲಿನ ವಾಸನೆ ಬಂದರೆ ಅಲ್ಲಿಯೇ ನಿಲ್ಲಿಸಿರಿ. ಪೆಟ್ರೋಲಿನ ಕೀಲಿಯನ್ನೂ ಚೋಕನ್ನೂ ಮುಚ್ಚಿ, ಎಕ್ಸಲೇಟರನ್ನು ಪೂರ್ತಿ ತಿರುಚಿಕೊಂಡು ನಾಲ್ಕಾರು ಸಲ ಒದೆದರೆ ಹೆಚ್ಚಿನ ಪೆಟ್ರೋಲು ಆರಿಹೋಗುತ್ತದೆ. ಆಗಲೂ ಫಲವಿಲ್ಲವಾದರೆ ಪ್ಲಗ್ಗನ್ನು ನೋಡಬೇಕು. ತಿಳಿ ಕಂದುಬಣ್ಣ ಆರೋಗ್ಯದ ಲಕ್ಷಣ. ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಕರಿಯ ಮಸಿ ಹಿಡಿದಿದ್ದರೆ ಗಾಳಿ ಸಾಲದಾಗಿದೆ. ರಾಗಿಯ ಒಕ್ಕಣೆಯ ಕಾಲದಲ್ಲಿ ರಸ್ತೆಯ ಧೂಳೆಲ್ಲ ಗಾಳಿಯ ಸೋಸುಕವನ್ನು ಸೇರುವುದರಿಂದ ಅದನ್ನೂ ಶುಚಿಮಾಡಿಸಬೇಕು.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ದಿ ಗಾಡಿಗಳನ್ನು ಇಂದಿಗೂ ಕೆಲವರು ಮಮತೆಯಿಂದ ಇಟ್ಟುಕೊಂಡಿದ್ದಾರೆ. ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸತಕ್ಕ ಇಂತಹ ಗಾಡಿಗಳಲ್ಲಿ ಎಣ್ಣೆ ಅಳತೆ ಮೀರಿದರೆ ಪ್ಲಗ್ಗಿಗೆ ಬೇಗನೆ ಮಸಿ ಹಿಡಿಯುತ್ತದೆ. 2020ರ ಏಪ್ರಿಲಿನಿಂದೀಚೆಗೆ ಬಂದಿರುವ ಗಾಡಿಗಳಲ್ಲಿ ಬಹುಪಾಲಿಗೆ ಚೋಕೇ ಇಲ್ಲ. ಪೆಟ್ರೋಲನ್ನು ಅಳೆದು ಚಿಮುಕಿಸುವ ಯಂತ್ರವಿದೆ. ಅಲ್ಲಿ ಬೀಗದ ಕೈ ತಿರುಗಿಸಿ, ಪಂಪಿನ ಗುಂಯ್ ಎಂಬ ಸದ್ದು ನಿಲ್ಲುವವರೆಗೆ ತಾಳಿ, ಬಳಿಕ ಸೆಲ್ಫ್ ಒತ್ತಬೇಕು. ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ಚಳಿಗೆ ಸೊರಗಿದ ಬ್ಯಾಟರಿ ಇನ್ನೂ ಸೊರಗುತ್ತದೆ.

ಎರಡು ಎಚ್ಚರಿಕೆಗಳನ್ನು ಮನೆಯೊಡತಿಯರೂ ಅರಿತಿರಬೇಕು. ಎಂಜಿನ್ನನ್ನು ಬೆಚ್ಚಗೆ ಮಾಡುವುದಕ್ಕಾಗಿ ಬೆಂಕಿಯನ್ನು ಬಳಿಗೆ ತರುವುದಾಗಲಿ, ಟ್ಯಾಂಕಿನೊಳಗೆ ನೋಡುವುದಕ್ಕೆ ಕಡ್ಡಿ ಗೀರುವುದಾಗಲಿ ಸರ್ವಥಾ ಕೂಡದು. ಚಳಿಯೆಂದು ಬಾಗಿಲು ಮುಚ್ಚಿ ನಡುಮನೆಯಲ್ಲಿಯೇ ಗಾಡಿಯನ್ನು ಓಡಿಸಿಡಲೂ ಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರನ್ನು ಎಚ್ಚರಿಸದೆಯೇ ಪ್ರಾಣವನ್ನೊಯ್ಯುತ್ತದೆ.

ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಅರಸುವುದಕ್ಕೆ ‘ನಿದಾನ’ವೆಂದು ಹೆಸರು. ಅವಸರಪಡದಿರುವುದಕ್ಕೆ ನಾವು ಕನ್ನಡದಲ್ಲಿ ‘ನಿಧಾನ’ವೆನ್ನುತ್ತೇವೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಮೂವತ್ತು ವರ್ಷ ಮಕ್ಕಳಿಗೆ ತಿದ್ದಿದ ನಾವು, ಇವೆರಡೂ ಒಂದನ್ನೊಂದು ಬಿಟ್ಟಿರಲಾರವೆಂಬುದನ್ನು ಆ ಬೆಳಿಗ್ಗೆ ಮೆಕ್ಯಾನಿಕ್ಕನಿಂದ ಕಲಿತೆವು.

ಮರುವರ್ಷ ಆ ಹುಡುಗಿ ಪುನಃ ಪರೀಕ್ಷೆಗೆ ಹೊರಟಳು. ಅಣ್ಣನು ಹಿಂದಿನ ಸಂಜೆಯೇ ಪ್ಲಗ್ಗನ್ನು ಶುಚಿಮಾಡಿ, ಗಾಡಿಯನ್ನೊಮ್ಮೆ ಓಡಿಸಿ ನೋಡಿ, ಮಂಜು ಬೀಳದಂತೆ ಗೋಣಿತಾಟು ಹೊದಿಸಿದ್ದನು. ಬೆಳಿಗ್ಗೆ ಅದು ಎರಡನೆಯ ಒದೆತಕ್ಕೇ ಹೊರಟಿತು. ನಾವು ಈ ಸಲ ಪಕ್ಕದಲ್ಲಿ ನಿಂತು ಏನನ್ನೂ ಹೇಳಲಿಲ್ಲ.