ಜಾಲತಾಣದಲ್ಲಿ ಮಾರಾಟ: ಗ್ರಾಹಕರು ಹಿಂದಿರುಗುವುದು ಎಲ್ಲಿಂದ?

ಅಂಗಡಿಯ ಗಾದಿಯ ಮೇಲೆ ಕುಳಿತ ವರ್ತಕನಿಗೆ ಗಿರಾಕಿಯ ಮುಖ ಕಾಣುತ್ತದೆ. ಬೆಲೆ ಕೇಳಿ ಹುಬ್ಬೇರಿಸಿದವರಿಗೆ ಮತ್ತೊಂದು ಮಾಲನ್ನು ತೆಗೆದು ತೋರಿಸಬಹುದು. ಅನುಮಾನಿಸಿ ಎದ್ದು ಹೊರಟವರನ್ನು ಎರಡು ಮಾತನಾಡಿಸಿ ಮರಳಿ ಕೂರಿಸಬಹುದು. ಅಂತರಜಾಲದ ಮೂಲಕ ವ್ಯಾಪಾರ ಮಾಡುವವರಿಗೆ ಈ ಅನುಕೂಲವಿಲ್ಲ. ಗ್ರಾಹಕರು ಬಂದುದೂ ಕಾಣದು, ಹೋದುದೂ ಕಾಣದು. ಏಕೆ ಹೋದರೆಂದು ಕೇಳುವ ಅವಕಾಶವಂತೂ ಇಲ್ಲವೇ ಇಲ್ಲ. ಅಂಗಡಿಯಲ್ಲಿ ವರ್ತಕನ ನಾಲಿಗೆ ಮಾಡುವ ಕೆಲಸವನ್ನೆಲ್ಲ ಇಲ್ಲಿ ಪುಟದ ವಿನ್ಯಾಸವೇ ಮಾಡಬೇಕಾಗುತ್ತದೆ. ಹೀಗಿದ್ದರೂ ನಮ್ಮ ಅನೇಕ ಸಣ್ಣ ಉದ್ಯಮಿಗಳು ಜಾಲತಾಣವನ್ನು ನಾಮಫಲಕದಂತೆ ಭಾವಿಸಿ, ಅದರ ಅಂದಚಂದಕ್ಕೆ ಹಣ ಸುರಿದು, ಮಾರಾಟವಾಗದಿದ್ದಾಗ ಅಂತರಜಾಲವನ್ನೇ ದೂರುತ್ತಾರೆ.

ಅಲಂಕಾರದ ಬೆಲೆ

ಈ ತಪ್ಪನ್ನು ಮಾಡಿದವರಲ್ಲಿ ಸಣ್ಣವರಷ್ಟೇ ಇಲ್ಲ. ಲಂಡನ್ನಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಬೂ.ಕಾಮ್ ಎಂಬ ಸಂಸ್ಥೆಯು ಉಡುಪು ಮತ್ತು ಪಾದರಕ್ಷೆಗಳ ಮಾರಾಟಕ್ಕಾಗಿ 1999ರ ನವೆಂಬರಿನಲ್ಲಿ ತನ್ನ ಜಾಲತಾಣವನ್ನು ತೆರೆಯಿತು. ಉಡುಪನ್ನು ಸುತ್ತಲೂ ತಿರುಗಿಸಿ ನೋಡುವ ಸೌಲಭ್ಯ, ಹಿಗ್ಗಿಸಿ ನೋಡುವ ಸೌಲಭ್ಯ, ಗ್ರಾಹಕರನ್ನು ಮಾತನಾಡಿಸಲು ಮಿಸ್ ಬೂ ಎಂಬ ಚಿತ್ರರೂಪದ ಸಹಾಯಕಿ, ಹೀಗೆ ಆ ಕಾಲಕ್ಕೆ ಬೆರಗು ಹುಟ್ಟಿಸುವ ಎಲ್ಲವೂ ಅಲ್ಲಿದ್ದವು. ಆದರೆ ಅಂದು ಬಹುಪಾಲು ಮನೆಗಳಲ್ಲಿ ಇದ್ದುದು ದೂರವಾಣಿ ತಂತಿಯ ಮೂಲಕ ತೆವಳುತ್ತಿದ್ದ ಸಂಪರ್ಕ. ಪುಟ ತೆರೆದುಕೊಳ್ಳುವಷ್ಟರಲ್ಲಿ ಕೊಳ್ಳುವ ಆಸೆಯೇ ಆರಿಹೋಗುತ್ತಿತ್ತು. ಸುಮಾರು 13.5 ಕೋಟಿ ಡಾಲರ್ ಬಂಡವಾಳವನ್ನು ಹದಿನೆಂಟು ತಿಂಗಳಲ್ಲಿ ಕರಗಿಸಿ, 2000ದ ಮೇ ತಿಂಗಳಿನಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಅದರ ಪತನಕ್ಕೆ ಜಾಲತಾಣವೊಂದೇ ಕಾರಣವಲ್ಲ. ಹಲವು ದೇಶಗಳಲ್ಲಿ ಏಕಕಾಲಕ್ಕೆ ಕಾಲಿಟ್ಟದ್ದು, ದುಂದುವೆಚ್ಚ, ಆರಂಭದಲ್ಲಾದ ವಿಳಂಬ ಇವೂ ಸೇರಿದ್ದವು. ಆದರೂ ಕೊಳ್ಳಲು ಬಂದವರನ್ನು ಕಾಯಿಸಿ ಕಳುಹಿಸಿದ ಅಂಗಡಿಗೆ ಅದೊಂದು ಶಾಶ್ವತ ಉದಾಹರಣೆಯಾಗಿ ಉಳಿದಿದೆ.

ಒಂದು ಗುಂಡಿಯ ಕಥೆ

ಇದಕ್ಕೆ ವಿರುದ್ಧವಾದ ಇನ್ನೊಂದು ನಿದರ್ಶನವನ್ನು ಅಮೆರಿಕದ ವಿನ್ಯಾಸತಜ್ಞ ಜೇರೆಡ್ ಸ್ಪೂಲ್ ಅವರು 2009ರಲ್ಲಿ ಬರೆದ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಅವರು ಹೆಸರಿಸದ ಒಂದು ಬೃಹತ್ ಮಾರಾಟ ಸಂಸ್ಥೆಯ ಜಾಲತಾಣದಲ್ಲಿ, ಗ್ರಾಹಕರು ಸರಕುಗಳನ್ನು ಬುಟ್ಟಿಗೆ ಹಾಕಿ ಹಣ ಪಾವತಿಸಲು ಹೊರಟಾಗ ಒಂದು ಚಿಕ್ಕ ನಮೂನೆ ಎದುರಾಗುತ್ತಿತ್ತು. ಅದರಲ್ಲಿ ಎರಡೇ ಖಾನೆಗಳು: ಇ-ಮೇಲ್ ವಿಳಾಸ ಮತ್ತು ಪಾಸ್‌ವರ್ಡ್. ಕೆಳಗೆ ಎರಡು ಗುಂಡಿಗಳು: ಖಾತೆಯುಳ್ಳವರಿಗೆ ಲಾಗಿನ್, ಹೊಸಬರಿಗೆ ನೋಂದಣಿ. ಇದರಿಂದ ಯಾರಿಗೂ ತೊಂದರೆಯಿಲ್ಲ, ಹಳೆಯ ಗ್ರಾಹಕರಿಗೆ ಅನುಕೂಲವೇ ಎಂದು ಸಂಸ್ಥೆಯವರು ನಂಬಿದ್ದರು.

ಪರೀಕ್ಷಿಸಿ ನೋಡಿದಾಗ ನಿಜಸ್ಥಿತಿ ಬೇರೆಯಾಗಿತ್ತು. ಮೊದಲ ಬಾರಿ ಬಂದವರಿಗೆ ನೋಂದಣಿಯೆಂಬ ಮಾತೇ ಕಿರಿಕಿರಿಯಾಗಿತ್ತು. ಅವರು ಬಂದದ್ದು ಸಾಮಾನು ಕೊಳ್ಳಲು, ಸದಸ್ಯರಾಗಲು ಅಲ್ಲ. ಹಳೆಯ ಗ್ರಾಹಕರಿಗಂತೂ ತಾವು ಹಿಂದೆ ಕೊಟ್ಟಿದ್ದ ವಿಳಾಸ ಯಾವುದು, ಪಾಸ್‌ವರ್ಡ್ ಯಾವುದು ಎಂಬುದೇ ನೆನಪಿರಲಿಲ್ಲ. ದಾಖಲೆಗಳನ್ನು ತೆಗೆದು ನೋಡಿದರೆ ಶೇ. 45ರಷ್ಟು ಗ್ರಾಹಕರು ಒಂದಕ್ಕಿಂತ ಹೆಚ್ಚು ಖಾತೆಗಳನ್ನು ತೆರೆದಿದ್ದರು. ಮರೆತ ಪಾಸ್‌ವರ್ಡಿಗಾಗಿ ದಿನಕ್ಕೆ ಸುಮಾರು 1,60,000 ಕೋರಿಕೆಗಳು ಬರುತ್ತಿದ್ದವು. ಹಾಗೆ ಕೋರಿದವರಲ್ಲಿ ಶೇ. 75ರಷ್ಟು ಮಂದಿ ಖರೀದಿಯನ್ನು ಪೂರ್ಣಗೊಳಿಸಲು ಮತ್ತೆ ಯತ್ನಿಸುತ್ತಲೇ ಇರಲಿಲ್ಲ.

ಪರಿಹಾರ ಅತಿ ಸರಳವಾಗಿತ್ತು. ನೋಂದಣಿಯ ಗುಂಡಿಯನ್ನು ತೆಗೆದು, 'ಮುಂದುವರಿಯಿರಿ' ಎಂಬ ಗುಂಡಿಯನ್ನಿಟ್ಟು, ಖರೀದಿಗೆ ಖಾತೆಯ ಅಗತ್ಯವಿಲ್ಲವೆಂದು ಒಂದೆರಡು ಸಾಲು ಬರೆಯಲಾಯಿತು. ಖರೀದಿ ಪೂರ್ಣಗೊಳಿಸುವವರ ಸಂಖ್ಯೆ ಶೇ. 45ರಷ್ಟು ಏರಿತು, ಮೊದಲ ವರ್ಷದಲ್ಲೇ 30 ಕೋಟಿ ಡಾಲರ್ ಹೆಚ್ಚುವರಿ ಮಾರಾಟವಾಯಿತು ಎಂದು ಸ್ಪೂಲ್ ದಾಖಲಿಸಿದ್ದಾರೆ. ಅಂಥ ಲಾಭ ಎಲ್ಲರಿಗೂ ದೊರೆಯುವುದಿಲ್ಲ, ನಿಜ. ಆದರೆ ಹೊಸ ಗ್ರಾಹಕರನ್ನು ಕರೆತರುವುದಕ್ಕಿಂತ, ಕೈಯಲ್ಲಿ ಸಾಮಾನು ಹಿಡಿದು ನಿಂತವರ ದಾರಿಯ ಕಲ್ಲನ್ನು ಸರಿಸುವುದು ಅಗ್ಗವೆಂಬ ಲೆಕ್ಕ ಸಣ್ಣ ವ್ಯಾಪಾರಕ್ಕೂ ಅನ್ವಯಿಸುತ್ತದೆ.

ಲೆಕ್ಕ ಹೇಳುವುದೇನು?

ಇಳಕಲ್ ಸೀರೆಗಳನ್ನು ಸ್ವಂತ ಜಾಲತಾಣದಲ್ಲಿ ಮಾರುವ ಒಬ್ಬ ವರ್ತಕನನ್ನು ಕಲ್ಪಿಸಿಕೊಳ್ಳಬಹುದು. ಅಂಕಿಗಳೂ ಕಾಲ್ಪನಿಕವೇ. ತಿಂಗಳಿಗೆ 2,000 ಮಂದಿ ಜಾಲತಾಣಕ್ಕೆ ಬರುತ್ತಾರೆ; 200 ಮಂದಿ ಸೀರೆಯನ್ನು ಬುಟ್ಟಿಗೆ ಹಾಕುತ್ತಾರೆ; 60 ಮಂದಿ ಆರ್ಡರ್ ಕೊಡುತ್ತಾರೆ. ಉಳಿದ 140 ಮಂದಿ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಾರೆ. ಇದು ಅಸಹಜವಲ್ಲ, ಹತ್ತಾರು ಅಧ್ಯಯನಗಳ ಸರಾಸರಿ ತೆಗೆದಿರುವ ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆಯ ಪ್ರಕಾರ ಹೀಗೆ ಬಿಟ್ಟುಹೋಗುವ ಬುಟ್ಟಿಗಳ ಪ್ರಮಾಣ ಸುಮಾರು ಶೇ. 70.

ಸೀರೆಯೊಂದಕ್ಕೆ ನೇರ ಖರ್ಚು ಕಳೆದು 300 ರೂ. ಉಳಿಯುತ್ತದೆಂದೂ, 60ರ ಪೈಕಿ 10 ಸೀರೆಗಳು 'ಮಾಲು ತಲುಪಿದಾಗ ಹಣ' ಎಂಬ ವ್ಯವಸ್ಥೆಯಲ್ಲಿ ಸ್ವೀಕೃತವಾಗದೆ ಮರಳುತ್ತವೆಂದೂ, ಮರಳಿದ ಪ್ರತಿ ಸೀರೆಗೆ ಹೋಗಿಬರುವ ಸಾಗಣೆ 160 ರೂ. ಎಂದೂ ಇಟ್ಟುಕೊಂಡರೆ, 15,000 ರೂ.ಗಳಲ್ಲಿ 1,600 ರೂ. ಹೋಗಿ 13,400 ರೂ. ಉಳಿಯಿತು. ಜಾಹೀರಾತು ಮತ್ತು ಜಾಲತಾಣದ ನಿರ್ವಹಣೆಗೆ 12,000 ರೂ. ವೆಚ್ಚವಾದರೆ ನಿವ್ವಳ ಉಳಿಕೆ 1,400 ರೂ. ಮಾತ್ರ. ಈಗ ಬಿಟ್ಟುಹೋಗುತ್ತಿದ್ದ 140 ಮಂದಿಯಲ್ಲಿ 20 ಮಂದಿ ಆರ್ಡರ್ ಕೊಟ್ಟು, ಅವುಗಳಲ್ಲಿ 3 ಮರಳಿದವೆನ್ನಿ. 17 ಸೀರೆಗಳಿಂದ 5,100 ರೂ., ಅದರಲ್ಲಿ ಸಾಗಣೆ ನಷ್ಟ 480 ರೂ.; ಉಳಿಕೆ 6,020 ರೂ.ಗಳಿಗೆ ಏರುತ್ತದೆ. ಜಾಹೀರಾತಿಗೆ ಒಂದು ರೂಪಾಯಿಯನ್ನೂ ಹೆಚ್ಚಿಸದೆ ಲಾಭ ನಾಲ್ಕು ಪಟ್ಟು ಮೀರಿತು. ಬಂದವರು, ಬುಟ್ಟಿಗೆ ಹಾಕಿದವರು, ಹಣ ಕೊಟ್ಟವರು, ಮರಳಿಸಿದವರು ಎಂಬ ನಾಲ್ಕು ಅಂಕಿಗಳನ್ನು ರೋಕಡಿ ಪುಸ್ತಕದಷ್ಟೇ ನಿಷ್ಠೆಯಿಂದ ಬರೆದಿಡದ ವರ್ತಕನಿಗೆ ತನ್ನ ಜಾಲತಾಣ ಲಾಭದಲ್ಲಿದೆಯೇ ನಷ್ಟದಲ್ಲಿದೆಯೇ ಎಂಬುದು ತಿಳಿಯುವ ಮಾರ್ಗವಿಲ್ಲ.

ಸರಕಿನ ಪುಟ

ಸೀರೆಯನ್ನು ಮುಟ್ಟಿ ನೋಡುವ ಭಾಗ್ಯ ಜಾಲತಾಣದಲ್ಲಿಲ್ಲ. 'ಉತ್ಕೃಷ್ಟ ಗುಣಮಟ್ಟ, ಆಕರ್ಷಕ ಬಣ್ಣ' ಎಂಬ ಮಾತುಗಳು ಯಾವ ಸೀರೆಗೂ ಹೊಂದುತ್ತವೆ; ಆದ್ದರಿಂದ ಯಾವ ಸೀರೆಯನ್ನೂ ಮಾರುವುದಿಲ್ಲ. ಒಡಲಿನ ನೂಲು ಹತ್ತಿಯೇ, ರೇಷ್ಮೆಯೇ, ಕೃತಕ ರೇಷ್ಮೆಯೇ? ಸೆರಗು ಯಾವ ನೂಲಿನದು? ಅಂಚು ಚಿಕ್ಕಿಯೋ ಗೋಮಿಯೋ? ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿಯಾಗಿ ಸೇರಿಸುವ ಟೋಪ್ ತೆನಿಯ ಕ್ರಮವೇ ಇಳಕಲ್ ಸೀರೆಯ ಹೆಗ್ಗುರುತು. ಆ ಸೇರುವೆಯ ಸಮೀಪದ ಚಿತ್ರವೊಂದನ್ನು ಕೊಟ್ಟರೆ ಸಾವಿರ ವಿಶೇಷಣಗಳ ಕೆಲಸವನ್ನು ಅದೊಂದೇ ಮಾಡುತ್ತದೆ. ಉದ್ದವೆಷ್ಟು, ರವಿಕೆಯ ಬಟ್ಟೆ ಸೇರಿದೆಯೇ, ಮೊದಲ ಒಗೆತದಲ್ಲಿ ಬಣ್ಣ ಬಿಡುವುದೇ? ಅಂಗಡಿಯಲ್ಲಿ ಹೆಂಗಸರು ದಿನವೂ ಕೇಳುವ ಪ್ರಶ್ನೆಗಳನ್ನು ಒಂದು ವಾರ ಬರೆದಿಟ್ಟುಕೊಂಡರೆ ಸರಕಿನ ಪುಟ ತಾನಾಗಿ ಸಿದ್ಧವಾಗುತ್ತದೆ. ಬಣ್ಣ ಬಿಡುವ ಸೀರೆಗೆ ಬಿಡುತ್ತದೆಂದೇ ಬರೆಯುವುದು ಲೇಸು; ಮರಳಿ ಬರುವ ಸೀರೆಯ ಸಾಗಣೆ ಯಾರ ತಲೆಯ ಮೇಲೆ ಬೀಳುತ್ತದೆಂಬುದು ಮೇಲಿನ ಲೆಕ್ಕದಲ್ಲೇ ಇದೆ.

ಚಿತ್ರಗಳ ತೂಕದ ಬಗೆಗೂ ಎಚ್ಚರ ಅಗತ್ಯ. ಕ್ಯಾಮೆರಾದಿಂದ ಬಂದ 5 ಎಂಬಿ ಗಾತ್ರದ ಚಿತ್ರ, ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ತೆರೆದುಕೊಳ್ಳಲು 20 ಸೆಕೆಂಡು ಬೇಕು. ಅದನ್ನೇ 200 ಕೆಬಿಗೆ ಇಳಿಸಿದರೆ ಒಂದು ಸೆಕೆಂಡು ಸಾಕು. ಹತ್ತು ಸೆಕೆಂಡು ದಾಟಿದರೆ ಬಳಕೆದಾರರ ಗಮನ ಬೇರೆಡೆಗೆ ಹೋಗುತ್ತದೆಂದು ಡೆನ್ಮಾರ್ಕ್ ಮೂಲದ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲೇ ಬರೆದಿದ್ದರು. ಕಚೇರಿಯ ದೊಡ್ಡ ಪರದೆಯ ಮೇಲೆ, ವೇಗದ ಸಂಪರ್ಕದಲ್ಲಿ ವಿನ್ಯಾಸಕಾರರು ತೋರಿಸುವ ಜಾಲತಾಣವನ್ನು ಒಪ್ಪಿಕೊಳ್ಳುವ ಮೊದಲು ಸಾಧಾರಣ ಮೊಬೈಲಿನಲ್ಲಿ, ಬಸ್ಸಿನಲ್ಲಿ ಕುಳಿತು ತೆರೆದು ನೋಡಬೇಕು.

ಕನ್ನಡದಲ್ಲಿ ಪುಟ ಮಾಡಿಸುವವರು ಅಕ್ಷರಗಳು ಯುನಿಕೋಡ್‌ನಲ್ಲಿವೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಠ್ಯವನ್ನು, ಚಿತ್ರದೊಳಗೆ ಅಡಗಿಸಿದ ಪಠ್ಯವನ್ನು ಹುಡುಕುವವರು ಕಾಣುವುದು ಕಷ್ಟ. ಇಳಕಲ್ ಎಂದೂ ಇಲಕಲ್ ಎಂದೂ ಬರೆಯುವವರಿದ್ದಾರೆ. ಪುಟದಲ್ಲಿ ಎರಡೂ ರೂಪಗಳಿದ್ದರೆ ನಷ್ಟವೇನಿಲ್ಲ.

ಬೆಲೆ ಮತ್ತು ಕಾನೂನು

ಬುಟ್ಟಿ ಬಿಟ್ಟುಹೋಗಲು ಗ್ರಾಹಕರು ಕೊಡುವ ಕಾರಣಗಳಲ್ಲಿ ಪ್ರಮುಖವಾದುದು, ಕೊನೆಯ ಪುಟದಲ್ಲಿ ಪ್ರತ್ಯಕ್ಷವಾಗುವ ಸಾಗಣೆ ಮತ್ತಿತರ ಶುಲ್ಕಗಳು. 1,450 ರೂ. ಎಂದು ನಂಬಿ ಬಂದವರಿಗೆ ಕಡೆಯಲ್ಲಿ 1,610 ರೂ. ತೋರಿಸಿದರೆ ಅವರು ಮೋಸಹೋದಂತೆ ಭಾವಿಸುತ್ತಾರೆ. ಇಲ್ಲಿ ಕಾನೂನೂ ಗ್ರಾಹಕರ ಪರವಾಗಿದೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಸ್ವಂತ ದಾಸ್ತಾನನ್ನು ತನ್ನದೇ ಜಾಲತಾಣದಲ್ಲಿ ಮಾರುವವರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಿ, ಸಾಗಣೆ, ತೆರಿಗೆ ಮುಂತಾದವುಗಳ ವಿಂಗಡಣೆಯನ್ನೂ ಕೊಡಬೇಕು. ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ಸಂಪರ್ಕ ವಿವರ ಪ್ರಕಟವಾಗಿರಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೊದಲೇ ಗುರುತು ಹಾಕಿಟ್ಟ ಚೌಕಗಳ ಮೂಲಕ ಗ್ರಾಹಕರ ಒಪ್ಪಿಗೆ ಪಡೆಯುವಂತಿಲ್ಲ. ಪೊಟ್ಟಣ ಕಟ್ಟಿದ ಸರಕಾದರೆ ತಯಾರಕರ ಹೆಸರು ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮೊದಲಾದ ವಿವರಗಳನ್ನು ಜಾಲತಾಣದಲ್ಲೂ ತೋರಿಸುವುದು 2018ರ ಜನವರಿ 1ರಿಂದ ಕಡ್ಡಾಯವಾಗಿದೆ.

'ಇನ್ನು ಎರಡೇ ಸೀರೆಗಳು ಉಳಿದಿವೆ' ಎಂಬ ಸುಳ್ಳು ಆತುರ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಬಿಚ್ಚಿಡುವುದು ಇವು ಮಾರಾಟ ಹೆಚ್ಚಿಸುವ ಚಾತುರ್ಯವೆಂದು ಕೆಲವು ವಿನ್ಯಾಸಕಾರರು ಸಲಹೆ ನೀಡುವುದುಂಟು. 2023ರ ನವೆಂಬರ್ 30ರಂದು ಹೊರಬಿದ್ದ ಕೇಂದ್ರದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. ಸಲಹೆ ವಿನ್ಯಾಸಕಾರರದಾದರೂ ಉತ್ತರ ಹೇಳಬೇಕಾದವನು ವರ್ತಕ.

ಜಿಎಸ್‌ಟಿ ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಇಲ್ಲೊಂದು ಗುಂಡಿ ಕಾದಿದೆ. ಅವರು ಹೊರರಾಜ್ಯಕ್ಕೆ ಸರಕು ಪೂರೈಸುವಂತಿಲ್ಲ. ಆದರೆ ಜಾಲತಾಣಕ್ಕೆ ರಾಜ್ಯದ ಗಡಿ ತಿಳಿಯದು. ಸೊಲ್ಲಾಪುರದಿಂದ ಬಂದ ಒಂದು ಆರ್ಡರನ್ನು ಅರಿವಿಲ್ಲದೆ ಕಳುಹಿಸಿದರೂ ಆ ಪದ್ಧತಿಯ ಅರ್ಹತೆಗೆ ಧಕ್ಕೆ ಬರುತ್ತದೆ. ನೋಂದಣಿಯೇ ಇಲ್ಲದವರಿಗೂ, ಕೆಲವು ಕರಕುಶಲ ವಸ್ತುಗಳಿಗೆ ಇರುವ ಷರತ್ತುಬದ್ಧ ವಿನಾಯಿತಿಯನ್ನು ಬಿಟ್ಟರೆ, ತೆರಿಗೆಗೊಳಪಡುವ ಸರಕಿನ ಅಂತರರಾಜ್ಯ ಪೂರೈಕೆಗೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಕಡ್ಡಾಯ. ಕರ್ನಾಟಕದ ಪಿನ್‌ಕೋಡ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ. ಪಾವತಿಗೆ ಮೊದಲೇ ಪಿನ್‌ಕೋಡ್ ಕೇಳಿ, ಉಳಿದವನ್ನು ವಿನಯದಿಂದ ನಿರಾಕರಿಸುವಂತೆ ಜಾಲತಾಣವನ್ನು ಅಣಿಗೊಳಿಸಿದರೆ ಈ ಅಪಾಯ ತಪ್ಪುತ್ತದೆ. ಸಾಗಣೆ ವೆಚ್ಚವನ್ನೂ ಆಗಲೇ ಹೇಳಿಬಿಡಬಹುದು.

ಐವರ ಪರೀಕ್ಷೆ

ಜಾಲತಾಣದ ದೋಷಗಳನ್ನು ಕಂಡುಹಿಡಿಯಲು ದುಬಾರಿ ಸಮೀಕ್ಷೆ ಬೇಕಿಲ್ಲ. ಐದು ಮಂದಿ ಬಳಸುವುದನ್ನು ಗಮನಿಸಿದರೆ ಸುಮಾರು ಶೇ. 85ರಷ್ಟು ತೊಡಕುಗಳು ಬಯಲಾಗುತ್ತವೆಂದು ನೀಲ್ಸನ್ 2000ದಲ್ಲಿ ವಾದಿಸಿದ್ದರು. ಪ್ರಮಾಣದ ಬಗ್ಗೆ ಚರ್ಚೆಯಿದ್ದರೂ ಕ್ರಮ ಉಪಯುಕ್ತವೇ. ಸಂಸ್ಥೆಗೆ ಸಂಬಂಧಿಸದ ಐವರ ಕೈಗೆ ಮೊಬೈಲ್ ಕೊಟ್ಟು, ಒಂದು ಸೀರೆ ಕೊಳ್ಳಲು ಹೇಳಿ, ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತು ನೋಡಬೇಕು. ಬಾಯಿ ಮುಚ್ಚಿ ಕೂರುವುದೇ ವರ್ತಕರಿಗೆ ಕಷ್ಟದ ಭಾಗ. ಅವರು ತಡವರಿಸಿದ ಜಾಗವೇ ದುರಸ್ತಿಯ ಜಾಗ.

ಇನ್ನೊಂದು ವಿಷಯ ವಿನ್ಯಾಸಕ್ಕೆ ಸೇರಿದ್ದಲ್ಲದಿದ್ದರೂ ಗುತ್ತಿಗೆಯ ದಿನವೇ ಇತ್ಯರ್ಥವಾಗಬೇಕಾದದ್ದು. ಜಾಲತಾಣದ ಹೆಸರಿನ ನೋಂದಣಿ ಸಂಸ್ಥೆಯ ಹೆಸರಿನಲ್ಲಿರಬೇಕೇ ಹೊರತು ವಿನ್ಯಾಸಕಾರರ ಹೆಸರಿನಲ್ಲಲ್ಲ. ಅವರು ಊರು ಬಿಟ್ಟರೆ, ವ್ಯವಹಾರ ಕೆಟ್ಟರೆ, ವರ್ಷಗಳ ಗ್ರಾಹಕರ ಪರಿಚಯವೆಲ್ಲ ಅವರ ಕೈಯಲ್ಲಿ ಉಳಿಯುತ್ತದೆ. ನೋಂದಣಿಯ ರಸೀದಿಯನ್ನು ಬಾಡಿಗೆ ಕರಾರಿನೊಂದಿಗೆ ಕಡತದಲ್ಲಿಟ್ಟು, ಅದರ ನವೀಕರಣದ ದಿನಾಂಕವನ್ನು ಜಿಎಸ್‌ಟಿ ವಿವರಪತ್ರಗಳ ದಿನಾಂಕಗಳ ಪಟ್ಟಿಯಲ್ಲೇ ಬರೆದುಕೊಳ್ಳತಕ್ಕದ್ದು.